ಗೋಡೆ ಒಣಗುವುದರೊಳಗೆ

ಬಿರುಗಾಳಿ ಇಳಿದ ಬೆಳಿಗ್ಗೆ ನಮ್ಮೂರಿನವರು ಮೊದಲು ಮಾಡುವ ಕೆಲಸವೆಂದರೆ ಗೋಡೆಗೆ ಉಪ್ಪುನೀರು ಎರಚುವುದು. ಬೇರೆ ಊರುಗಳಲ್ಲಿ ನೆರೆ ಇಳಿದ ಮೇಲೆ ಜನ ಬಾಗಿಲು ಕಿಟಕಿ ತೆರೆದಿಟ್ಟು, ಒಲೆ ಉರಿಸಿ, ಮನೆ ಬೇಗ ಒಣಗಲಿ ಎಂದು ಕಾಯುತ್ತಾರಂತೆ. ನಮ್ಮಲ್ಲಿ ಯಾರಾದರೂ ಹಾಗೆ ಮಾಡಿದರೆ ತಲೆ ಕೆಟ್ಟಿದೆ ಅಂದುಕೊಳ್ಳುತ್ತೇವೆ. ಬಿರುಗಾಳಿಯ ನೀರು ಗೋಡೆಯಲ್ಲಿ ಇರುವಷ್ಟು ಹೊತ್ತು ಮನೆ ಹಗುರ. ಮೂಲೆಗಳಿಗೆ ಜನ ನಿಂತು ಕೈ ಕೊಟ್ಟರೆ ಏಳುತ್ತದೆ, ಹೊತ್ತುಕೊಂಡು ಹೋಗಿ ಬೇಕಾದ ಕಡೆ ಇಡಬಹುದು. ಒಣಗಿತೋ, ಮುಗಿಯಿತು. ಮುಂದಿನ ಬಿರುಗಾಳಿಯವರೆಗೆ ಅದು ಅಲ್ಲಿಂದ ಅಲುಗುವುದಿಲ್ಲ, ಎಷ್ಟು ಕೊಡ ಸುರಿದರೂ ಅಷ್ಟೇ. ನಾವು ಎರಚುವ ನೀರು ಒಣಗುವುದನ್ನು ಸ್ವಲ್ಪ ಮುಂದೂಡುತ್ತದೆ, ಅದಕ್ಕಿಂತ ಹೆಚ್ಚೇನೂ ಮಾಡುವುದಿಲ್ಲ. ಹಾಗಾಗಿ ಆ ಬೆಳಿಗ್ಗೆ ಮಾಡು ಹಾರಿಹೋದವರೂ ದೋಣಿ ಕಳೆದುಕೊಂಡವರೂ ಕಣ್ಣು ಒರೆಸಿಕೊಳ್ಳುತ್ತಲೇ ಕೊಡಪಾನ ಹಿಡಿದು ಕಡಲಿಗೂ ಮನೆಗೂ ಓಡಾಡುತ್ತಿದ್ದರು. ಅಳುವುದಕ್ಕೆ ಯಾರಿಗೂ ಪುರುಸೊತ್ತು ಇರಲಿಲ್ಲ.

ಇನ್ನೂ ಒಂದೆರಡು ಕಟ್ಟಳೆಗಳಿವೆ, ಮೊದಲೇ ಹೇಳಿಬಿಡುತ್ತೇನೆ. ಸ್ವಂತ ಮನೆಯನ್ನು ಸ್ವಂತದವರು ಎತ್ತುವಂತಿಲ್ಲ. ಎತ್ತಿದರೆ ಯಾರೋ ಬೈಯುತ್ತಾರೆ ಎಂದಲ್ಲ, ಏಳುವುದೇ ಇಲ್ಲ. ಹಿಂದಿನ ಬಿರುಗಾಳಿಯಲ್ಲಿ, ನಮ್ಮ ಮದುವೆಯಾದ ಹೊಸತು, ನನ್ನ ಗಂಡ ಹೆರಿಯಣ್ಣ ನನ್ನೆದುರು ಪೌರುಷ ತೋರಿಸಲು ಹೋಗಿ ಸೊಂಟ ಹಿಡಿಸಿಕೊಂಡು ಮಲಗಿದ್ದ. ಇನ್ನೊಂದು, ಮನುಷ್ಯರ ಕೈಯಿಂದ ಗೋಡೆ ಒಡೆದ ಮನೆ ಮತ್ತೆ ಯಾವ ಬಿರುಗಾಳಿಗೂ ಹಗುರವಾಗುವುದಿಲ್ಲ. ಅದಕ್ಕೇ ನಮ್ಮೂರಲ್ಲಿ ಯಾರೂ ಹೊಸ ಕಿಟಕಿ ಇಡಿಸುವುದಿಲ್ಲ, ಸೆಕೆಯಾದರೆ ಬೀಸಣಿಗೆ ಬೀಸಿಕೊಳ್ಳುತ್ತಾರೆ. ಕೊನೆಯದು, ಮನೆಯನ್ನು ಹೊಸ ಜಾಗಕ್ಕೆ ತಂದ ಮೇಲೆ ಅದರ ಯಜಮಾನ ಎದುರು ನಿಂತು ‘ಇಲ್ಲಿ ಕೂರು’ ಎನ್ನಬೇಕು. ಅವನು ಹೇಳುವವರೆಗೆ ಅದು ನೆಲ ಹಿಡಿಯುವುದಿಲ್ಲ.

ಯಾವ ಮನೆ ಎಲ್ಲಿ ಎಂದು ಜಾಗ ಹೇಳುವವರು ಯಾರು ಎಂಬುದಕ್ಕೆ ಓಟು ಗೀಟು ಏನಿಲ್ಲ. ಯಾರ ಮನೆಯಲ್ಲಿ ನೀರು ಎಲ್ಲರಿಗಿಂತ ಮೇಲೆ ಏರಿತೋ ಆ ಮನೆಯವರೊಬ್ಬರು ಹೇಳಬೇಕು. ನೀರು ತುಳಿದವರಿಗೇ ನೀರಿನ ದಾರಿ ಗೊತ್ತಿರುತ್ತದೆ ಎಂಬ ಲೆಕ್ಕ ಇರಬೇಕು. ಈ ಸಲ ನಮ್ಮ ಮನೆಯಲ್ಲಿ ನೀರು ಅಟ್ಟ ಮುಟ್ಟಿತ್ತು. ನಾನು, ಹೆರಿಯಣ್ಣ, ಅತ್ತೆ ಅಕ್ಕಣಿ, ಮೂವರೂ ಅಟ್ಟದಲ್ಲಿ ಹಳೆ ಬಲೆಗಳ ರಾಶಿಯ ಮೇಲೆ ಕಾಲು ಮಡಚಿ ಕೂತಿದ್ದೆವು. ಬೆಳಿಗ್ಗೆ ಊರಿನವರು ಬಂದು ಗೋಡೆಯ ಮೇಲಿನ ಕೆಸರಿನ ಗೆರೆ ನೋಡಿ, ಹೆರಿಯಣ್ಣನ ಮುಖ ನೋಡಿ, ಆಮೇಲೆ ನನ್ನ ಮುಖ ನೋಡಿದರು. ಹೆರಿಯಣ್ಣ ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ಹಾಗಾಗಿ ಜಾಗ ಹೇಳುವ ಕೆಲಸ ನನ್ನ ತಲೆಗೆ ಬಂತು. ನಿಜ ಹೇಳುತ್ತೇನೆ, ನನಗೆ ಖುಷಿಯೋ ಖುಷಿ. ಒದ್ದೆ ಸೀರೆಯಲ್ಲೇ ಎರಡು ಸುತ್ತು ಊರು ಓಡಿ ಬಂದೆ.

ಅಷ್ಟು ವರ್ಷ ಆ ಹೊಂಡದಲ್ಲಿ ಕೂತು ನಾನು ಮಾಡಿದ್ದೇನು ಅಂದುಕೊಂಡಿರಿ? ಮಳೆಗಾಲ ಬಂದಾಗಲೆಲ್ಲ ಊರನ್ನು ಮನಸ್ಸಿನಲ್ಲೇ ಎತ್ತಿ ಎತ್ತಿ ಇಟ್ಟಿದ್ದೆ. ಹಿಂದಿನ ಸಲ ಜಾಗ ಹೇಳಿದವರು ಜಟ್ಟಿ ತಾಂಡೇಲರು. ದೊಡ್ಡ ದೋಣಿಯ ಮುಂದಾಳು, ಕಡಲಿನಲ್ಲಿ ಅವರ ಮಾತೆಂದರೆ ಮಾತು. ತಮ್ಮ ಮನೆಯನ್ನು ಹೊಳೆ ಕಡಲು ಸೇರುವ ಅಳಿವೆಯ ಬಾಯಿಯಲ್ಲೇ, ಮರಳು ದಿಬ್ಬದ ಮೇಲೆ ಇಟ್ಟುಕೊಂಡರು. ಉಳಿದವರೂ ಅವರ ಹಿಂದೆ ಸಾಲುಗಟ್ಟಿದರು. ನಮ್ಮದನ್ನು ಮಾತ್ರ ಹಿಂದಿನ ಹೊಂಡದಲ್ಲಿ ಇಡಿ ಎಂದರು, ದೊಡ್ಡ ಮನೆ, ಗಾಳಿಗೆ ಅಡ್ಡ ಬರುತ್ತದೆ ಅಂತ. ಅಂದಿನಿಂದ ನಾಲ್ಕು ಹನಿ ಬಿದ್ದರೆ ನಮ್ಮ ಜಗಲಿಗೆ ನೀರು. ಮನೆಯೊಳಗೆ ಬಂದ ಕಪ್ಪೆಗಳನ್ನು ಅತ್ತೆ ಹೆಸರು ಹಿಡಿದು ಬೈಯುತ್ತಿದ್ದರು. ನಾನು ತಾಂಡೇಲರ ಜೊತೆ ಮಾತು ಬಿಟ್ಟೆ. ಅವರೂ ನಮ್ಮ ಬಾಗಿಲು ತುಳಿಯಲಿಲ್ಲ. ಹೊಳೆದಂಡೆಯಲ್ಲಿ ಎದುರು ಸಿಕ್ಕರೆ ಅವರು ಆಕಾಶ ನೋಡುತ್ತಿದ್ದರು, ನಾನು ಬುಟ್ಟಿಯ ಮೀನು ನೋಡುತ್ತಿದ್ದೆ.

ನನ್ನ ಯೋಜನೆ ಇಷ್ಟೇ. ಅಳಿವೆಯ ಬಾಯಿಯನ್ನು ಪೂರಾ ಬಿಟ್ಟುಕೊಡುವುದು. ಅಲ್ಲಿ ಒಂದು ಮನೆಯೂ ಇರಬಾರದು, ಉಪ್ಪುನೀರಲ್ಲೇ ಬೇರು ಬಿಡುವ ಕಾಂಡ್ಲಾ ಗಿಡ ನೆಟ್ಟು ಬಿಡಬೇಕು, ಅವುಗಳ ಬೇರು ತೆರೆಯ ಜೋರು ಇಳಿಸಲಿ. ದೋಣಿಗಳು ಹೊಳೆಯ ಒಳತಿರುವಿನಲ್ಲಿ ನಿಲ್ಲಲಿ. ಮನೆಗಳೆಲ್ಲ ಗುಡ್ಡದ ತಲೆಗೆ ಹೋಗಲಿ, ನಡುವೆ ಶಾಲೆ, ಶಾಲೆಗೆ ಸುತ್ತ ಅಗಲದ ಜಗಲಿ, ಅದರಲ್ಲಿ ಊರಿಗೆಲ್ಲ ಸಾಕಾಗುವಷ್ಟು ಅಕ್ಕಿ, ಕಟ್ಟಿಗೆ, ಕುಡಿಯುವ ನೀರು. ಮತ್ತೆ ಗುಡ್ಡದ ಅಂಚಿನಲ್ಲಿ ಒಂದು ಹೊನ್ನೆಮರ ಇದೆ. ಅದರ ಬುಡದಲ್ಲಿ ನಿಂತರೆ ಕಡಲು ಈ ಕೊನೆಯಿಂದ ಆ ಕೊನೆಯವರೆಗೆ ಕಾಣುತ್ತದೆ, ಬೇಸಿಗೆಯಲ್ಲೂ ಗಾಳಿ ನಿಲ್ಲುವುದಿಲ್ಲ. ಆ ಜಾಗ ನನಗೆ ಬೇಕಿತ್ತು. ಮುಚ್ಚುಮರೆಯೇನಿಲ್ಲ, ಎಲ್ಲರೆದುರಿಗೇ ಹೇಳಿದೆ, ಹೊನ್ನೆಮರದ ಹತ್ತಿರದ್ದು ನನ್ನದು, ಯಾರದ್ದಾದರೂ ತಕರಾರಿದ್ದರೆ ಈಗಲೇ ಹೇಳಿ ಅಂತ. ಅಟ್ಟ ಮುಟ್ಟಿದ ಕೆಸರಿನ ಗೆರೆ ನೋಡಿದ ಮೇಲೆ ಯಾರು ತಕರಾರು ಮಾಡುತ್ತಾರೆ? ಮಾಡಲಿಲ್ಲ.

ತಕರಾರು ಬಂದದ್ದು ಅಳಿವೆಯ ಬಗ್ಗೆ. ಕಡಲು ಕಾಣದ ಕಡೆ ಮನೆ ಇಟ್ಟುಕೊಂಡು ಬದುಕುವುದು ಹೇಗೆ, ಬೆಳಿಗ್ಗೆ ಎದ್ದು ನೀರಿನ ಬಣ್ಣ ನೋಡದೆ ದೋಣಿ ಇಳಿಸುವುದು ಹೇಗೆ ಎಂದು ದೋಣಿಯವರೆಲ್ಲ ಶುರುಮಾಡಿದರು. ತಾಂಡೇಲರು ಏನೂ ಹೇಳದೆ ಹಿಂದೆ ನಿಂತಿದ್ದರು, ಆದರೆ ಎಲ್ಲರ ಬಾಯಲ್ಲೂ ಅವರ ಮಾತೇ ಇತ್ತು. ನನಗೆ ರೇಗಿತು. ಬಾಯಿಮಾತಿನಲ್ಲಿ ಈ ಜನ ಬಗ್ಗುವವರಲ್ಲ ಎಂದು ಗೊತ್ತಿತ್ತು. ಎಲ್ಲರನ್ನೂ ಕಡಲದಂಡೆಯ ಮರಳಿಗೆ, ಹೊಯ್ಗೆಗೆ ಎಳೆದುಕೊಂಡು ಹೋದೆ. ಒದ್ದೆ ಹೊಯ್ಗೆಯಲ್ಲಿ ಕೈಯಿಂದಲೇ ಹೊಳೆ ತೋಡಿದೆ, ಅಳಿವೆ ಬಿಡಿಸಿದೆ, ಹಿಂದೆ ಗುಡ್ಡ ಒಟ್ಟಿದೆ. ಮನೆಮನೆಯಿಂದ ತೆಂಗಿನ ಗೆರಟೆ ತರಿಸಿ, ಒಂದೊಂದು ಮನೆಗೆ ಒಂದೊಂದು ಗೆರಟೆ ಬೋರಲು ಹಾಕಿದೆ, ಈಗ ಊರು ಹೇಗಿದೆಯೋ ಹಾಗೆಯೇ. ಆಮೇಲೆ ಹೊಳೆಯ ಕಡೆಯಿಂದ ಒಂದು ಕೊಡ ನೀರು ಬಿಟ್ಟೆ.

ನೀರು ಓಡಿಬಂತು, ಅಳಿವೆಯ ಬಾಯಿಯಲ್ಲಿದ್ದ ಗೆರಟೆಗಳಿಗೆ ಬಡಿಯಿತು, ಅಲ್ಲೇ ತಡೆದು ಹಿಂದಕ್ಕೆ ತಿರುಗಿ ಹೊಂಡ ತುಂಬಿತು. ನಮ್ಮ ಮನೆಯ ಗೆರಟೆ ಮುಳುಗಿತು, ಅದರ ಹಿಂದೆ ಇನ್ನಷ್ಟು ತೇಲಿದವು. ಜನ ಬಗ್ಗಿ ನೋಡಿದರು. ತಾಂಡೇಲರ ಗೆರಟೆ ಒಂದನ್ನು ಬಿಟ್ಟು ಉಳಿದವನ್ನೆಲ್ಲ ಗುಡ್ಡಕ್ಕೆ ಎತ್ತಿಟ್ಟು ಮತ್ತೆ ಹೊಯ್ದೆ. ನೀರು ಅದೊಂದಕ್ಕೇ ಸಿಕ್ಕಿ, ಹೊಯ್ಗೆ ಗುಡ್ಡೆ ಹಾಕಿಕೊಂಡು, ಬಾಯಿ ಮುಚ್ಚಿಕೊಂಡು, ಪುನಃ ಹಿಂದಕ್ಕೆ ಬಂತು. ತಾಂಡೇಲರು ಜನರನ್ನು ಸರಿಸಿಕೊಂಡು ಮುಂದೆ ಬಂದು ಕುಕ್ಕರುಗಾಲಲ್ಲಿ ಕೂತರು. ನನ್ನ ಮುಖ ನೋಡಲಿಲ್ಲ.

“ಇನ್ನೊಂದ್ ಸಲ ಹೊಯ್ಯಿ,” ಎಂದರು.

ಹೊಯ್ದೆ. ಅದೇ ಆಯಿತು. ಅವರು ತಮ್ಮ ಗೆರಟೆಯನ್ನು ತಾವೇ ಎತ್ತಿ ಕೈಯಲ್ಲಿ ಹಿಡಿದುಕೊಂಡು, ಈಗ ಹೊಯ್ಯಿ ಎಂದು ಸನ್ನೆ ಮಾಡಿದರು. ನೀರು ಸೀದಾ ಅಳಿವೆಗೆ ನುಗ್ಗಿ ಕಡಲಿಗೆ ಇಳಿದುಹೋಯಿತು, ಹಿಂದೆ ಒಂದು ಗೆರಟೆಯ ಬುಡವೂ ನೆನೆಯಲಿಲ್ಲ. ಇಷ್ಟು ವರ್ಷ ಕಣ್ಣು ಮುಚ್ಚಿ ನೋಡಿದ್ದು ಈಗ ಎಲ್ಲರ ಕಣ್ಣೆದುರಿಗೇ ಆಗಿತ್ತಲ್ಲ. ತಾಂಡೇಲರು ಗೆರಟೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಕೊನೆಗೆ ಎದ್ದು, ತಮ್ಮದು ಎಲ್ಲಿ ಎಂದು ಕೇಳಿದರು. ಶಾಲೆಯ ಹಿಂದೆ ಒಂದು ಸಣ್ಣ ತುಂಡು ಜಾಗ ಉಳಿದಿತ್ತು, ಗುಡ್ಡದ ಬೆನ್ನಿಗೆ. ಅಲ್ಲಿಂದ ಕಡಲು ಕಾಣುವುದಿಲ್ಲ. ಅದನ್ನೇ ಹೇಳಿದೆ. ಹೇಳುವಾಗ ನನಗೆ ಸ್ವಲ್ಪ ಸುಖವಾಯಿತು, ಸುಳ್ಳು ಯಾಕೆ ಹೇಳಲಿ. ಅವರು ಹೂಂ ಎಂದರು, ಆದರೆ ಒಂದು ಮಾತು ಸೇರಿಸಿದರು.

“ಎಲ್ಲರದ್ದೂ ಹೋಗಲಿ, ನನ್ನದು ಕೊನೆಗೆ. ಈ ಕೆಲಸ ಅರ್ಧ ದಾರೀಲಿ ನಿಂತ್ರೆ ನನ್ ಮನೆ ಹಿಂದೆ ಬರ್ತದೆ, ಇದ್ದಲ್ಲಿಗೇ. ಆಗ ನೀನು ಒಂದು ಮಾತೂ ಆಡೂಕಿಲ್ಲ.”

ಆಡುವುದಿಲ್ಲ, ನಿಲ್ಲುವುದೂ ಇಲ್ಲ ಎಂದು ಊರಿನೆದುರು ಮಾತು ಕೊಟ್ಟೆ. ವಾಡಿಕೆಯಂತೆ ಕೊನೆಗೆ ಹೋಗಬೇಕಾದದ್ದು ಜಾಗ ಹೇಳುವವರ ಮನೆ. ತಾಂಡೇಲರ ಹಟಕ್ಕಾಗಿ ನಮ್ಮದನ್ನು ಅವರದ್ದರ ಮುಂದಕ್ಕೆ ಹಾಕಿಕೊಂಡೆ.

ಆಮೇಲೆ ಶುರುವಾದ ಗದ್ದಲ ನೋಡಬೇಕಿತ್ತು ನೀವು. ಬಿಸಿಲು ಕಾಯುತ್ತಿತ್ತು, ಒಂದು ಕಡೆ ನೀರು ಎರಚುವವರು, ಒಂದು ಕಡೆ ಹೊರುವವರು. ಗುಡ್ಡಕ್ಕೆ ಹೋಗುವುದು ಒಂದೇ ಓಣಿ, ಎರಡೂ ಬದಿಗೆ ಗೋಡೆಯ ಹಾಗೆ ನಿಂತ ಮುರಕಲ್ಲಿನ ಎತ್ತರದ ದರೆ. ಅದರೊಳಗೆ ಮನೆಗಳು ಒಂದರ ಹಿಂದೆ ಒಂದು ಹೈಸಾ ಹೈಸಾ ಎಂದು ಏರತೊಡಗಿದವು. ಹೊರುವವರ ಮುಂದಾಳು ಇನಾಸ, ಹಗ್ಗ ಹೊಸೆದು ಹೊಸೆದು ಹಲಗೆಯಂತಾದ ಕೈ ಅವನದ್ದು. ಕೋಳಿಗಳನ್ನು ಇಳಿಸಲು ಮರೆತವರ ಮನೆಯಿಂದ ಕೋಳಿಗಳು ಕಿಟಕಿಯಲ್ಲಿ ಕೂತು ಊರು ನೋಡುತ್ತ ಹೋದವು. ಒಬ್ಬಳು ಸೊಸೆ ತನ್ನ ಮನೆಯ ಹೊಸ್ತಿಲಲ್ಲಿ ಕೂತು ತಲೆ ಬಾಚಿಕೊಳ್ಳುತ್ತಲೇ ಗುಡ್ಡ ಸೇರಿದಳು. ನಾನು ಮೇಲೆ ಕೆಳಗೆ ಓಡುತ್ತ, ಇದು ಇಲ್ಲಿ, ಅದು ಅಲ್ಲಿ, ಬಾವಿಗೆ ಅಡ್ಡ ಇಡಬೇಡಿ, ಜಗಲಿ ಈ ಕಡೆ ತಿರುಗಿಸಿ ಎಂದು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡೆ. ಮೇಲೆ ಒಬ್ಬೊಬ್ಬ ಯಜಮಾನ ‘ಇಲ್ಲಿ ಕೂರು’ ಎಂದಾಗ ಮನೆ ಧಪ್ಪೆಂದು ಕೂರುವುದು, ಜನ ಹೋ ಎನ್ನುವುದು. ನನ್ನ ತಲೆಯೊಳಗಿದ್ದ ಊರು ನೆಲದ ಮೇಲೆ ಕೂರುತ್ತಿತ್ತು. ಅಂತಹ ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ. ಹೆರಿಯಣ್ಣನಿಗೂ ಹಾಗೆಂದು ಹೇಳಿದೆ. ಅವನು ನಕ್ಕ.

ಸೂರ್ಯ ನೆತ್ತಿ ದಾಟುವ ಹೊತ್ತಿಗೆ ಕೆಳಗೆ ಉಳಿದದ್ದು ಎರಡೇ ಮನೆ. ನಮ್ಮದು ನಿಜಕ್ಕೆ ಮನೆಯೂ ಅಲ್ಲ, ಒಂದು ಕಾಲದ ಮೀನೆಣ್ಣೆ ಗೋದಾಮು. ಮಾವ ಅಗ್ಗಕ್ಕೆ ಸಿಕ್ಕಿತೆಂದು ಹಿಡಿದದ್ದು. ಒಳಗೆ ಅಡ್ಡಗೋಡೆಯೇ ಇಲ್ಲ, ಉದ್ದದ ಒಂದೇ ಹಜಾರ, ಎತ್ತರದ ಹಂಚಿನ ಮಾಡು, ಒಂದು ಬದಿಗೆ ಅಟ್ಟ, ಮುಂದಿನ ಮೂಲೆಯಲ್ಲಿ ಅತ್ತೆಯ ಒಲೆ. ತಾಂಡೇಲರದ್ದು ಅದಕ್ಕೆ ತದ್ವಿರುದ್ಧ, ಸಣ್ಣ ಮಣ್ಣಿನ ಗೋಡೆ, ತೆಂಗಿನ ಮಡಲಿನ ಮಾಡು. ಅಷ್ಟು ದೊಡ್ಡ ದೋಣಿಯ ಮನುಷ್ಯ ಅಷ್ಟು ಚಿಕ್ಕ ಮನೆಯಲ್ಲಿ ಯಾಕಿದ್ದಾರೆ ಎಂದು ಕೇಳಿದರೆ, ಮನೆ ಇರುವುದು ಮಲಗುವುದಕ್ಕೆ ಎನ್ನುತ್ತಿದ್ದರಂತೆ. ಇನಾಸನ ಜನ ನಮ್ಮ ಮನೆಗೆ ಕೈ ಕೊಟ್ಟರು. ಎದ್ದಿತು. ಆ ಹೊಂಡದಿಂದ ನಮ್ಮ ಮನೆ ಏಳುವುದನ್ನು ನೋಡಿ ನನಗೆ ಅಳು ಬಂದುಬಿಟ್ಟಿತು, ನಗುವೂ ಬಂತು, ಎರಡೂ ಒಟ್ಟಿಗೆ. ಅತ್ತೆ ಒಳಗೇ ಕೂತಿರುತ್ತೇನೆ ಎಂದರು, ಮೊಣಕಾಲು ನೋವು, ಗುಡ್ಡ ಹತ್ತಲಾರೆ ಅಂತ. ಕೂತಿರಲಿ ಬಿಡಿ ಎಂದೆವು. ನಮ್ಮ ಹಿಂದೆಯೇ ತಾಂಡೇಲರ ಮನೆಯನ್ನೂ ಎತ್ತಿ ಓಣಿಗೆ ತಂದರು.

ಮನೆ ಹೊರುವಾಗ ಮುಖ ಕಡಲ ಕಡೆಗೇ ಇರಬೇಕು, ಹಾಗಾಗಿ ನಮ್ಮ ಹಿಂಗೋಡೆ ಮುಂದಾಗಿ ಏರುತ್ತಿತ್ತು. ಓಣಿಯಲ್ಲಿ ಬದಿಗೆ ಜನ ಹಿಡಿಯುವುದಿಲ್ಲ, ಹಿಂದೆ ಮುಂದೆ ಮಾತ್ರ. ದರೆಗೂ ನಮ್ಮ ಗೋಡೆಗೂ ನಡುವೆ ಒಂದು ಗೇಣೂ ಇರಲಿಲ್ಲ. ನಾನು ಮೇಲೆ ಹೊನ್ನೆಮರದ ಬುಡದಲ್ಲಿ ಕಲ್ಲು ಹೆಕ್ಕಿ ನೆಲ ಸಮ ಮಾಡುತ್ತಿದ್ದೆ. ಎಲ್ಲಿ ತುಳಸಿಕಟ್ಟೆ, ಎಲ್ಲಿ ಬಲೆ ಒಣಗಿಸುವ ಬಳ್ಳಿ ಎಂದೆಲ್ಲ ಕಾಲಿನಿಂದ ಗೆರೆ ಎಳೆಯುತ್ತಿದ್ದೆ. ಅಷ್ಟರಲ್ಲಿ ಹೈಸಾ ನಿಂತುಹೋಯಿತು. ಇನಾಸನ ದನಿ ಕೇಳಿತು.

“ಗುಲಾಬಕ್ಕ, ಮುಂಗೋಡೆ ಮೂಲೆ ಭಾರ ಆಗ್ತಾ ಉಂಟು.”

ಓಡಿದೆ. ಓಣಿಯ ಸರಿ ನಡುವೆ ಮನೆ ಓರೆಯಾಗಿ ತೂಗುತ್ತಿತ್ತು, ಹೊರುವವರ ಕುತ್ತಿಗೆಯ ನರ ಉಬ್ಬಿತ್ತು. ಇನ್ನು ತಡೆಯುವುದಿಲ್ಲ ಎಂದು ಅವರು ಇಳಿಸಿದರು. ಯಜಮಾನ ಹೇಳುವುದಕ್ಕೂ ಕಾಯದೆ ಅದು ಧಪ್ಪೆಂದು ಕೂತುಬಿಟ್ಟಿತು. ಒಣಗಿದ ಮನೆ ಯಾರ ಮಾತಿಗೂ ಕಾಯುವುದಿಲ್ಲ. ನಾನು ಹಿಂಬಾಗಿಲಿಂದ ಒಳಗೆ ನುಗ್ಗಿದರೆ ಹಜಾರದ ತುಂಬ ಹೊಗೆ. ಅತ್ತೆ ಒಲೆಯ ಮುಂದೆ ಕೂತಿದ್ದಾರೆ, ದೊಡ್ಡ ಪಾತ್ರೆಯಲ್ಲಿ ಚಾ ಮರಳುತ್ತಿದೆ, ಊರಿನ ಎಲ್ಲ ಲೋಟಗಳೂ ನಮ್ಮಲ್ಲೇ ಇವೆಯೋ ಎಂಬಂತೆ ಸಾಲಾಗಿ ಜೋಡಿಸಿಟ್ಟಿದ್ದಾರೆ. ಒಲೆಯ ಪಕ್ಕದ ಗೋಡೆ ಬೆಳ್ಳಗಾಗಿತ್ತು, ಬೆಳ್ಳಗಾದದ್ದು ಆ ಕಡೆಯಿಂದ ಈ ಕಡೆಗೆ ಹಬ್ಬಿಕೊಂಡು ಬಂದಿತ್ತು. ಮೊನ್ನೆ ಹುಟ್ಟಿದ ಮಗುವಿಗೂ ಗೊತ್ತು, ಈ ದಿನಗಳಲ್ಲಿ ಮನೆಯೊಳಗೆ ಒಲೆ ಹಚ್ಚಬಾರದೆಂದು. ಅತ್ತೆಗೂ ಗೊತ್ತು. ಒಂದೇ ಒಂದು ಸುತ್ತು ಚಾ, ಅಷ್ಟರಲ್ಲಿ ಏನಾಗುತ್ತದೆ ಅಂದುಕೊಂಡರಂತೆ. ನನ್ನ ಮುಖ ನೋಡಿದ ಕೂಡಲೇ ಅವರಿಗೆ ಅರ್ಥವಾಯಿತು. ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟರು.

“ನಮ್ ಮನೆ ಹೊತ್ತವ್ರಿಗೆ ಒಂದು ಲೋಟ ಚಾ ಕೊಡ್ದೆ ಹೇಗೆ ಕಳ್ಸುದು ಮಾರಾಯ್ತಿ,” ಎಂದರು.

ಅವರ ಮೇಲೆ ಕೂಗಾಡಬೇಕು ಅನ್ನಿಸಿತು. ಆದರೆ ಏನೆಂದು ಕೂಗಾಡಲಿ? ನಾನಾದರೂ ಅದನ್ನೇ ಮಾಡುತ್ತಿದ್ದೆನೋ ಏನೋ. ಹೊರಗೆ ಬಂದು ದರೆಗೆ ಒರಗಿ ನಿಂತೆ. ಹೊನ್ನೆಮರ ಅಲ್ಲಿಂದ ಕಾಣುತ್ತಿತ್ತು, ಕೂಗಿದರೆ ಕೇಳುವಷ್ಟು ದೂರ. ಇನ್ನೇನು, ಮುಂದಿನ ಬಿರುಗಾಳಿಯವರೆಗೆ ನಮ್ಮ ಮನೆ ಓಣಿಯಲ್ಲೇ. ಹೋಗಲಿ ಎಂದುಕೊಂಡೆ, ಇಲ್ಲಿಗೂ ನೀರು ಬರುವುದಿಲ್ಲವಲ್ಲ, ಮುಂದಿನ ಸಲ ಮೇಲೆ ಹೋದರಾಯಿತು, ಜಾಗ ಎಲ್ಲಿ ಓಡಿಹೋಗುತ್ತದೆ. ಆಗಲೇ ಕೆಳಗಿನಿಂದ ತಾಂಡೇಲರ ಮಾತು ಕೇಳಿತು, ಗಟ್ಟಿಯಾಗಿಯೇನೂ ಹೇಳಲಿಲ್ಲ.

“ನನ್ನದನ್ನು ತಿರುಗಿಸಿ. ಇದ್ದಲ್ಲಿಗೇ ಹೋಗಲಿ.”

ಅವರ ಮನೆ ನಮ್ಮದರ ಹಿಂದೆ ಓಣಿಯಲ್ಲಿ ಹೊತ್ತವರ ಕೈಯಲ್ಲಿ ನಿಂತಿತ್ತು. ಮುಂದೆ ಹೋಗಲು ನಮ್ಮ ಮನೆ ಅಡ್ಡ, ಬದಿಗೆ ದರೆ. ಅದೂ ಒಣಗುತ್ತಿತ್ತು, ಮಣ್ಣಿನ ಗೋಡೆಯ ಮೇಲೆ ಉಪ್ಪು ಬೆಳ್ಳಗೆ ಮೂಡುತ್ತಿತ್ತು. ಅವರ ಮನೆ ಅಳಿವೆಗೆ ಮರಳಿದರೆ ಏನಾಗುತ್ತದೆಂದು ಎಲ್ಲರೂ ಹೊಯ್ಗೆಯಲ್ಲಿ ನೋಡಿದ್ದರು. ಅಷ್ಟು ಮನೆ ಹೊತ್ತದ್ದು, ಅಷ್ಟು ಬೆವರು ಸುರಿಸಿದ್ದು ಎಲ್ಲ ದಂಡ, ಆ ಒಂದು ಗೆರಟೆಗೆ ಸಿಕ್ಕಿ ನೀರು ಹಿಂದಕ್ಕೆ ತಿರುಗುತ್ತದೆ. ದೋಣಿಗಳನ್ನು ಹೊಳೆಯೊಳಗೆ ಕಟ್ಟಿದ್ದೇವೆ, ಅವೆಲ್ಲ ಹೋಗುತ್ತವೆ, ಬಾವಿಗೆ ಉಪ್ಪು ಸೇರುತ್ತದೆ, ಗುಡ್ಡದ ಬುಡವೇ ಕೊರೆದುಹೋಗಬಹುದು. ಮತ್ತೆ ಆ ಮುದುಕರು ಆ ಬಾಯಿಯಲ್ಲಿ ಒಬ್ಬರೇ. ಒಂದು ಮಾತೂ ಆಡುವುದಿಲ್ಲ ಎಂದು ನಾನು ಊರಿನೆದುರು ಹೇಳಿದ್ದೆ.

ಮಾತು ಆಡಲಿಲ್ಲ. ದರೆಯ ಮೇಲೆ ಯಾರೋ ಗುಂಡಿ ತೋಡಲು ತಂದಿಟ್ಟ ಹಾರೆ ಇತ್ತು, ಅದನ್ನು ಎಳೆದುಕೊಂಡೆ. ಇನಾಸ ಅಕ್ಕ ಎಂದು ಕೈ ಅಡ್ಡ ಹಿಡಿದ. ಗೋಡೆ ಒಡೆದರೆ ನಮ್ಮ ಮನೆ ಮತ್ತೆಂದೂ ಏಳುವುದಿಲ್ಲ ಎಂದು ಅವನು ಹೇಳಬೇಕಾಗಿರಲಿಲ್ಲ. ಏಳದಿದ್ದರೆ ಹೊನ್ನೆಮರದ ಜಾಗ ಈ ಜನ್ಮಕ್ಕೆ ಇಲ್ಲ. ನಾನು ಹೆರಿಯಣ್ಣನ ಮುಖ ನೋಡಿದೆ. ಅವನು ಹೊನ್ನೆಮರದ ಕಡೆ ಒಮ್ಮೆ ನೋಡಿ, ಹೋಗಿ ಇನ್ನೊಂದು ಹಾರೆ ತಂದ. ಒಳಗೆ ಅತ್ತೆ ಎದ್ದು ನಿಂತಿದ್ದರು. ಚಾದ ಪಾತ್ರೆಯನ್ನು ಎತ್ತಿ ಗೋಡೆಗೇ ಸುರಿದಿದ್ದರು ಪಾಪ, ಏನಾದರೂ ಆಗುತ್ತದೋ ಅಂತ.

“ಮೊದಲು ನನ್ ಒಲೆ ಬದಿದು ಒಡಿ,” ಎಂದರು ಅತ್ತೆ.

ಒಡೆದೆವು. ಮಾವ ಹಿಡಿದ ಗೋದಾಮು, ಹೊಟ್ಟೆ ಕಟ್ಟಿ ಸುಣ್ಣ ಬಳಿದ ಗೋಡೆ. ಮೊದಲನೆಯ ಕಲ್ಲನ್ನು ಕಿತ್ತು ಮೆಲ್ಲಗೆ ಪಕ್ಕಕ್ಕಿಟ್ಟೆ. ಆಮೇಲೆ ಏನೋ ಆವೇಶ ಬಂತು ನೋಡಿ. ಎತ್ತುವುದಕ್ಕೆ ಆಗದ ನಮ್ಮ ಕೈಗೆ ಒಡೆಯುವುದಕ್ಕೆ ಅಡ್ಡಿಯಿಲ್ಲವಲ್ಲ, ನಾನು ಹೆರಿಯಣ್ಣ ಪೈಪೋಟಿಯ ಮೇಲೆ ಬಿದ್ದೆವು. ಮುಂಗೋಡೆ ಉರುಳಿತು, ಅದರ ಹಿಂದೆಯೇ ಊರಿನವರು ನುಗ್ಗಿ ಕಲ್ಲುಗಳನ್ನು ಕೈಯಿಂದ ಕೈಗೆ ದಾಟಿಸಿ ದರೆಯ ಮೇಲೆ ಒಟ್ಟಿದರು. ಹಿಂಗೋಡೆಗೆ ಹೋದೆವು. ಅದು ಬಿದ್ದಾಗ ಕಡಲ ಗಾಳಿ ನಮ್ಮ ಹಜಾರದೊಳಗೆ ಹೊಕ್ಕು, ಇಷ್ಟು ವರ್ಷದ ಮೀನೆಣ್ಣೆಯ ವಾಸನೆಯನ್ನೆಲ್ಲ ಹೊತ್ತುಕೊಂಡು ಗುಡ್ಡಕ್ಕೆ ಏರಿತು. ಮೇಲಿದ್ದವರು ಮೂಗು ಮುಚ್ಚಿಕೊಂಡರಂತೆ. ಎರಡು ಬದಿಯ ಗೋಡೆ, ಮೇಲೊಂದು ಮಾಡು, ಅಷ್ಟು ಉಳಿಯಿತು. ನಡುವೆ ಓಣಿ.

ತನ್ನಿ, ತನ್ನಿ ಎಂದು ಕೂ ಹಾಕಿದೆ. ತಾಂಡೇಲರ ಮನೆ ಮೇಲಕ್ಕೆ ಬಂತು, ಅದೂ ಭಾರವಾಗತೊಡಗಿತ್ತು. ನಮ್ಮ ಮುಂಗೋಡೆ ಇದ್ದ ಗೆರೆಗೆ ಬಂದವರು ಅಲ್ಲೇ ನಿಂತರು. ಮನೆ ಹೆಗಲ ಮೇಲೆ ತೂಗುತ್ತಿದೆ, ಇವರು ಕೆಳಗೆ ನೋಡುತ್ತ ಒಂದೊಂದೇ ಕಾಲು ಕೊಡವುತ್ತಿದ್ದಾರೆ. ನನಗೆ ಅರ್ಥವಾಗಲಿಲ್ಲ. ಆಮೇಲೆ ನೋಡಿದರೆ ಚಪ್ಪಲಿ ಬಿಡುತ್ತಿದ್ದರು. ಮುಂದಿನವರು ಬಿಟ್ಟು ಒಳಗೆ ಕಾಲಿಟ್ಟರು, ಹಿಂದಿನವರು ಆ ಗೆರೆಗೆ ಬಂದು ತಮ್ಮದನ್ನೂ ಬಿಡಲು ನಿಂತರು. ನನಗೆ ಸಿಟ್ಟು ನೆತ್ತಿಗೇರಿತು. ಗೋಡೆ ಒಣಗುತ್ತಿರುವಾಗ ಇದೆಂತ ಆಟ ಎಂದು ಕಿರುಚಿದೆ. ಇನಾಸನ ಮುಖ ಕೆಂಪಾಗಿತ್ತು, ಮಾತಾಡಲೂ ಉಸಿರಿರಲಿಲ್ಲ.

“ಮನೆ ಅಲ್ವಾ ಅಕ್ಕ,” ಎಂದ.

ಬರಿಗಾಲಲ್ಲಿ, ಉದುರಿದ ಸುಣ್ಣದ ಮೇಲೆ, ಅವರು ತಾಂಡೇಲರ ಮನೆಯನ್ನು ನಮ್ಮ ಮನೆಯೊಳಗಿಂದ ದಾಟಿಸಿದರು. ಮಡಲಿನ ಮಾಡು ನಮ್ಮ ಹಂಚಿನಡಿಯ ಪಕಾಸಿಗೆ ತಾಗಿ ಚರಚರ ಎಂದಿತು, ನಾಲ್ಕು ಎಳೆ ಅಲ್ಲೇ ಸಿಕ್ಕಿ ಉಳಿಯಿತು. ಅತ್ತೆ ಗೋಡೆಗೆ ಅಂಟಿ ನಿಂತು ಎರಡೂ ಕೈ ಜೋಡಿಸಿದ್ದರು. ಆ ಕಡೆಯಿಂದ ಹೊರಬಿದ್ದ ಮೇಲೆ ಇನಾಸ ಜಾಗ ಎಲ್ಲಿ ಎಂದು ಕೂಗಿದ. ಶಾಲೆಯ ಹಿಂದಿನ ತುಂಡು ಎಂದು ನಾಲಿಗೆಯ ತುದಿಗೆ ಬಂದಿತ್ತು. ಅಲ್ಲಿಗೆ ಹೋಗಬೇಕಾದರೆ ಇಡೀ ಗುಡ್ಡ ಸುತ್ತಬೇಕು, ಅಷ್ಟು ದೂರ ಅದು ತಾಳುತ್ತಿರಲಿಲ್ಲ, ಅದು ನಿಜ. ಆದರೆ ಅದಕ್ಕಾಗಿಯೇ ಬೇರೆ ಜಾಗ ಹೇಳಿದೆ ಎಂದರೆ ಪೂರ್ತಿ ನಿಜವಲ್ಲ. ಆ ಮುದುಕರು ಹೊಯ್ಗೆಯಲ್ಲಿ ಕೂತು ತಮ್ಮ ಗೆರಟೆಯನ್ನು ತಾವೇ ಎತ್ತಿದ್ದು ನನ್ನ ಕಣ್ಣೆದುರಿಗಿತ್ತು. ಹೊನ್ನೆಮರದ ಹತ್ತಿರ ಇಡಿ ಎಂದೆ. ನನ್ನ ದನಿ ನನಗೇ ಬೇರೆಯವರದ್ದರ ಹಾಗೆ ಕೇಳಿತು. ಇನಾಸ ಒಂದು ಗಳಿಗೆ ನನ್ನನ್ನು ನೋಡಿ, ಹೈಸಾ ಎಂದು ಮುಂದೆ ಹೋದ.

ಯಜಮಾನ ಎಲ್ಲಿ ಎಂದು ಮೇಲಿನಿಂದ ಕೂಗು ಬಂತು. ಹೌದಲ್ಲ, ಎಲ್ಲಿ? ಮನೆಯ ಹಿಂದೆಯೇ ಬರಬೇಕಿದ್ದ ಮನುಷ್ಯ. ನಾನು ತಿರುಗಿ ಓಡಿದೆ. ತಾಂಡೇಲರು ಕೆಳಗೆ, ನಮ್ಮ ಮುಂಗೋಡೆ ಇದ್ದ ಗೆರೆಯ ಆಚೆ, ಚಪ್ಪಲಿ ರಾಶಿಯ ಪಕ್ಕ ನಿಂತಿದ್ದರು. ತಮ್ಮ ಚಪ್ಪಲಿಯನ್ನೂ ಬಿಟ್ಟಿದ್ದರು. ಮೇಲೆ ಅವರ ಮನೆ ಜನರ ಕೈಯಲ್ಲಿ ಭಾರವಾಗುತ್ತಿದೆ, ಪೂರಾ ಒಣಗಿಲ್ಲವಾದ್ದರಿಂದ ಅವರು ಹೋಗಿ ಹೇಳದಿದ್ದರೆ ಅದು ಕೂರುವುದಿಲ್ಲ, ಕೈ ಸೋತು ಬಿಟ್ಟರೆ ಮಣ್ಣಿನ ಗೋಡೆ ಪುಡಿಯಾಗುತ್ತದೆ. ಎದುರಿಗೆ ಗೋಡೆಯಿಲ್ಲ, ಬಾಗಿಲಿಲ್ಲ, ಹೊಸ್ತಿಲೂ ಇಲ್ಲ. ಆ ಮನುಷ್ಯ ಮಾತ್ರ ಹೆಗಲ ಮೇಲಿನ ಟವಲು ಕೈಗೆ ತೆಗೆದುಕೊಂಡು, ಮಳೆಯಲ್ಲಿ ನೆನೆದವರ ಹಾಗೆ ಹೊರಗೇ ನಿಂತಿದ್ದಾರೆ. ಇಷ್ಟು ವರ್ಷದಲ್ಲಿ ಮೊದಲ ಸಲ ನನ್ನ ಮುಖ ನೋಡಿದರು.

“ಒಳಗೆ ಬರ್ಲಾ ಗುಲಾಬಿ,” ಎಂದರು.

“ಬನ್ನಿ ತಾಂಡೇಲರೇ,” ಎಂದೆ. “ಬೇಗ ಬನ್ನಿ.”

ಅವರು ಬಲಗಾಲು ಮೊದಲಿಟ್ಟು ಒಳಗೆ ಬಂದರು. ಅತ್ತೆಗೆ ತಲೆ ಬಾಗಿಸಿದರು. ಹಜಾರದ ನಡುವೆ ಒಮ್ಮೆ ನಿಂತು ಗೋಡೆಯ ಮೇಲೆ ಅಟ್ಟದವರೆಗೆ ಏರಿದ್ದ ಕೆಸರಿನ ಗೆರೆಯನ್ನು ನೋಡಿದರು. ಆಮೇಲೆ ಆ ವಯಸ್ಸಿನಲ್ಲಿ, ಬರಿಗಾಲಲ್ಲಿ, ನಮ್ಮ ಮನೆಯ ಆ ಕಡೆಯಿಂದ ಹೊರಬಿದ್ದು ಗುಡ್ಡಕ್ಕೆ ಓಡತೊಡಗಿದರು. ನಾನೂ ಹೆರಿಯಣ್ಣನೂ ಅತ್ತೆಯೂ ಮೇಲಕ್ಕೆ ನೋಡುತ್ತ ನಿಂತೆವು. ಸ್ವಲ್ಪ ಹೊತ್ತಿಗೆ ಮೇಲಿನಿಂದ ಅವರ ದನಿ ಕೇಳಿತು, ದೋಣಿಯಲ್ಲಿ ಕೂಗುವ ಅದೇ ದನಿ. ನೆಲ ಸಣ್ಣಗೆ ಅದುರಿತು, ಜನ ಹೋ ಎಂದರು. ಕೆಳಗೆ ಅಳಿವೆಯ ಬಾಯಿ ಪೂರಾ ಖಾಲಿಯಾಗಿತ್ತು. ನಾನು ಸೆರಗಿನಿಂದ ಮುಖ ಒರೆಸಿಕೊಂಡು, ದಾರಿಯ ನಡುವೆ, ನಮ್ಮ ಮನೆಯಲ್ಲಿ ಕೂತುಕೊಂಡೆ.